ಡಿಲೀಟ್ ಒತ್ತುವ ಮುನ್ನ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕಿದೆ ಎಂಬ ಎಚ್ಚರಿಕೆ ಮೂಡಿದ ಕೂಡಲೇ ಬಹಳಷ್ಟು ಮಂದಿ ಗಾಬರಿಯಿಂದ ಡಿಲೀಟ್ ಒತ್ತಿಬಿಡುತ್ತಾರೆ. ದಯವಿಟ್ಟು ಒತ್ತಬೇಡಿ. ಇಂದು ನಾನು ಹೇಳಲು ಬಂದಿರುವುದು ಅದನ್ನೇ.

ಆಂಟಿವೈರಸ್ ತಂತ್ರಾಂಶದಲ್ಲಿ ಕ್ವಾರಂಟೈನ್ ಎಂಬ ಪ್ರತ್ಯೇಕ ಜಾಗವಿದೆ. ಸೋಂಕು ತಗುಲಿದ ಕಡತವನ್ನು ಅಲ್ಲಿ ಯಾರೂ ತೆರೆಯಲಾಗದಂತೆ ಬೀಗ ಹಾಕಿ ಇಡಲಾಗುತ್ತದೆ. ವೈರಸ್ ಹರಡುವುದಿಲ್ಲ, ಕಡತವೂ ಕಳೆದುಹೋಗುವುದಿಲ್ಲ.

ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ಬಟವಾಡೆಯ ಹಿಂದಿನ ಸಂಜೆ ನನಗೆ ಫೋನ್ ಮಾಡಿದರು. "ಲೆಕ್ಕದ ಫೈಲನ್ನೇ ವೈರಸ್ ತಿಂದುಹಾಕಿದೆ ಸರ್, ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಿದ್ದಾರೆ" ಎಂದರು. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕುವುದು. ಯಾವುದನ್ನೂ ಮುಟ್ಟಬೇಡಿ ಎಂದು ಹೇಳಿ ಹೊರಟೆ. ಹೋಗಿ ನೋಡಿದರೆ ಕಡತ ಕ್ವಾರಂಟೈನ್ ಪಟ್ಟಿಯಲ್ಲಿ ಕ್ಷೇಮವಾಗಿತ್ತು. ಅದರ ಹೆಸರು, ಮೊದಲು ಯಾವ ಫೋಲ್ಡರಿನಲ್ಲಿತ್ತು, ಯಾವ ದಿನ ಹಿಡಿದು ಹಾಕಲಾಯಿತು, ಎಲ್ಲವೂ ಅಲ್ಲಿ ಬರೆದಿತ್ತು. ವೈರಸ್ ಅಡಗಿದ್ದುದು ಎಕ್ಸೆಲ್ ಕಡತದ ಮ್ಯಾಕ್ರೋದಲ್ಲಿ, ಅಂದರೆ ಕಡತದೊಳಗೆ ಸೇರಿಸಿಟ್ಟ ಪುಟ್ಟ ಪ್ರೋಗ್ರಾಮಿನಲ್ಲಿ. ಲೀಟರು, ಫ್ಯಾಟ್, ದರದ ಅಂಕಣಗಳಿಗೆ ಏನೂ ಆಗಿರಲಿಲ್ಲ. ಮೊದಲು ಆಂಟಿವೈರಸ್ ಅಪ್‌ಡೇಟ್ ಮಾಡಿಸಿದೆ. ಅವರ ತಂತ್ರಾಂಶದಲ್ಲಿ ದುರಸ್ತಿಯ ಆಯ್ಕೆಯೂ ಇತ್ತು. ಮ್ಯಾಕ್ರೋ ಕಳಚಿತು, ಲೆಕ್ಕ ಉಳಿಯಿತು. ಆಮೇಲೆ ರಿಸ್ಟೋರ್ ಒತ್ತಿದಾಗ ಕಡತ ತನ್ನ ಹಳೆಯ ಫೋಲ್ಡರಿಗೇ ಮರಳಿತು. ಕೊನೆಯ ಸಾಲಿನಲ್ಲಿ ಅಂದು ಬೆಳಿಗ್ಗೆ ಅಳೆದ ಹಾಲಿನ ಲೆಕ್ಕವೂ ಇತ್ತು. ಕಾರ್ಯದರ್ಶಿಯವರು ಅಲ್ಲೇ ಕುಳಿತು ಬಟವಾಡೆ ಪಟ್ಟಿ ಮುದ್ರಿಸಿದರು. ಫಾರ್ಮ್ಯಾಟ್ ಮಾಡಿದ್ದರೆ ಅಷ್ಟೂ ಮನೆಗಳ ಹಾಲಿನ ಹಣ ನಿಲ್ಲುತ್ತಿತ್ತು. ಏನಾದರೂ ಕೆಟ್ಟರೆ ಫಾರ್ಮ್ಯಾಟ್ ಎನ್ನುವ ಈ ಚಾಳಿಯನ್ನು ನಾವು ಬಿಡಲೇಬೇಕು.

ಹೆಚ್ಚು ಸಮಯ ಉಳಿದಿಲ್ಲ, ಇನ್ನುಳಿದದ್ದನ್ನು ಬೇಗ ಹೇಳುತ್ತೇನೆ. ವಿಂಡೋಸ್ ಬಳಸುವವರು ವಿಂಡೋಸ್ ಸೆಕ್ಯುರಿಟಿ ತೆರೆದು ಪ್ರೊಟೆಕ್ಷನ್ ಹಿಸ್ಟರಿ ನೋಡಿ. ರಿಸ್ಟೋರ್ ಅಲ್ಲೇ ಸಿಗುತ್ತದೆ. ಆದರೆ ಅಪ್‌ಡೇಟ್ ಮಾಡದೆ, ಮತ್ತೆ ಸ್ಕ್ಯಾನ್ ಮಾಡದೆ ಅದನ್ನು ಒತ್ತಬೇಡಿ. ಕಡತದ ಜೊತೆ ವೈರಸ್ಸೂ ಹೊರಬರುತ್ತದೆ.

2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂತಹ ವೈರಸ್‌ಗಳು ಕಡತಗಳನ್ನೇ ಗೂಢಲಿಪಿಗೆ ತಿರುಗಿಸಿ ಹಣ ಕೇಳುತ್ತವೆ. ಅಲ್ಲಿ ಕ್ವಾರಂಟೈನ್ ನೆರವಾಗದು. ಬೇರೆ ಡಿಸ್ಕಿನಲ್ಲಿ ಇಟ್ಟ ಪ್ರತಿಯೇ ಗತಿ. ಪ್ರತಿ ಇಲ್ಲದಿದ್ದರೂ ಆ ಕಡತಗಳನ್ನು ಡಿಲೀಟ್ ಮಾಡಬೇಡಿ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಮತ್ತು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ್‍ಯಾನ್ಸಮ್ ತಾಣದಲ್ಲಿ ಇಂತಹ ಹಲವು ವೈರಸ್‌ಗಳಿಗೆ ಬಿಡಿಸುವ ಕೀಲಿ ಉಚಿತವಾಗಿ ಸಿಗುತ್ತದೆ. ಇಂದು ಕೀಲಿ ಇಲ್ಲದ ವೈರಸ್ಸಿಗೆ ಮುಂದಿನ ವರ್ಷ ಸಿಗಬಹುದು. ಕಡತಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಮೇಲೆ ದಿನಾಂಕ ಬರೆದು ಇಡಿ. ನಮಸ್ಕಾರ.