ಓಡಿಸಿದವನು ಡ್ರೈವರ್, ಓಡಿಸು ಅಂದವರು ಯಾರು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೋಟೆಲು, ಕ್ಯಾಂಟೀನು, ಕೇಟರಿಂಗ್‌ನವರೇ ಜಾಸ್ತಿ. ಹಾಗಾಗಿ ಸಿಗ್ನಲ್, ಪಾರ್ಕಿಂಗ್, ಹೆಲ್ಮೆಟ್ ಚಲನ್‌ಗಳನ್ನು ಇವತ್ತು ಪಕ್ಕಕ್ಕೆ ಇಡುತ್ತೇನೆ. ಅತಿವೇಗದ ಚಲನ್ ಒಂದನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಯಾಕೆಂದರೆ ಅದೊಂದರಲ್ಲಿ ಸ್ಟೇರಿಂಗ್ ಹಿಡಿದವನ ಜೊತೆಗೆ ಗಲ್ಲೆಯಲ್ಲಿ ಕೂತ ಮಾಲೀಕರೂ ಸಿಕ್ಕಿಬೀಳಬಹುದು.

ಮೊದಲು ರಸ್ತೆ ವಿಷಯ ಮುಗಿಸಿಬಿಡೋಣ. ಮುಂಬೈಯ ಬಾಂದ್ರಾ–ವರ್ಲಿ ಸೀ ಲಿಂಕ್‌ನಲ್ಲಿ ಮಿತಿ ಗಂಟೆಗೆ 80 ಕಿಲೋಮೀಟರು. ನವಿ ಮುಂಬೈ ಕಡೆಗೆ ಹೋಗುವ ಅಟಲ್ ಸೇತುವಿನಲ್ಲಿ ಕಾರಿಗೆ 100, ಹತ್ತುವ ಇಳಿಯುವ ಕಡೆ 40. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100, ಘಾಟ್ ಶುರುವಾದರೆ ಅದಕ್ಕಿಂತ ಸಾಕಷ್ಟು ಕಡಿಮೆ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಎಳೆಯುವ ಅಭ್ಯಾಸ ಕೆಲವರಿಗಿದೆ. 2024ರಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬಂದಿರುವ ಹೊಸ ವ್ಯವಸ್ಥೆ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೂ ಲೆಕ್ಕ ಹಾಕುತ್ತದೆ. ಆ ಜಾಣತನ ಇನ್ನು ನಡೆಯುವುದಿಲ್ಲ.

ಈಗ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮು. 2019ರಲ್ಲಿ ಇದಕ್ಕೆ ತಿದ್ದುಪಡಿಯಾಯಿತು. ಹಗುರ ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಸಾಮಾನು ಸೇರಿ 7,500 ಕಿಲೋ ದಾಟದ ಟೆಂಪೋ ಹಗುರ ವಾಹನದ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆಗೆ ಹೊಡೆಯುವುದು ಈ ದಂಡವಲ್ಲ, ಮುಂದಿನ ಸಾಲು: ಎರಡನೇ ಸಲ ಅದೇ ಅಪರಾಧವಾದರೆ ಚಾಲಕನ ಲೈಸೆನ್ಸ್ ಜಪ್ತಿ. ಅದು ಆರ್‌ಟಿಓ ಕೈಗೆ ಹೋಗುತ್ತದೆ. ಅಮಾನತೋ ರದ್ದೋ ಅವರು ತೀರ್ಮಾನಿಸುತ್ತಾರೆ. ಕಾರಿಟ್ಟುಕೊಂಡವರು ನಾಲ್ಕು ದಿನ ಲೋಕಲ್ ಟ್ರೇನು ಹತ್ತಿಯಾರು. ಟೆಂಪೋ ಡ್ರೈವರ್ ಏನು ಮಾಡಬೇಕು? ಅವನ ಅನ್ನವೇ ಆ ಕಾರ್ಡು.

ಇದೇ 183ರಲ್ಲಿ ನಮ್ಮವರು ಯಾರೂ ಓದದ ಎರಡು ಮಾತುಗಳಿವೆ. ನಾನು ಇವತ್ತು ಬಂದಿದ್ದೇ ಅದನ್ನು ಹೇಳಲು.

ಒಂದು, ಮಿತಿ ಮೀರಿ ಓಡಿಸಿದವನಷ್ಟೇ ಅಲ್ಲ, ತನ್ನ ಕೈಕೆಳಗಿನ ನೌಕರನಿಂದ ಹಾಗೆ ಓಡಿಸಿದವನಿಗೂ ಅದೇ ಕಲಮಿನಲ್ಲಿ ಶಿಕ್ಷೆ. ಎರಡು, ಇಷ್ಟು ಹೊತ್ತಿನೊಳಗೆ ಇಂಥ ಕಡೆ ಮುಟ್ಟಬೇಕು ಎಂದು ಯಾರಾದರೂ ಹೇಳಿದ್ದು, ಮಿತಿಯೊಳಗೆ ಹೋದರೆ ಅಷ್ಟು ಹೊತ್ತಿನಲ್ಲಿ ಮುಟ್ಟಲು ಆಗುವುದೇ ಇಲ್ಲ ಎಂದು ಕೋರ್ಟಿಗೆ ಅನಿಸಿದರೆ, ಆ ಹೇಳಿದ ಮಾತೇ ಹೇಳಿದವರ ಮೇಲೆ ಮೇಲ್ನೋಟದ ಸಾಕ್ಷಿ. ಬಸ್ಸಿನವರು ಟೈಮ್ ಟೇಬಲ್ ಅಚ್ಚು ಹಾಕಿದರೂ ಅಷ್ಟೇ, ಸೇಠ್ ಬಾಯಿಮಾತಲ್ಲಿ ಹೇಳಿದರೂ ಅಷ್ಟೇ.

ಈಗ ಲೆಕ್ಕ ಹಾಕಿ. ಎಕ್ಸ್‌ಪ್ರೆಸ್‌ವೇ ಉದ್ದ 94.5 ಕಿಲೋಮೀಟರು, ಕಳಂಬೋಲಿಯಿಂದ ಕಿವಳೆವರೆಗೆ. ಕಾರು ಎಲ್ಲೂ ನಿಲ್ಲದೆ ನೂರರಲ್ಲೇ ಹೋದರೂ ಹತ್ತಿರ ಹತ್ತಿರ ಒಂದು ಗಂಟೆ. ಘಾಟ್‌ನಲ್ಲಿ ನೂರು ಬಿಡಲ್ಲ. ಪಾತ್ರೆ, ಗ್ಯಾಸು, ಊಟ ತುಂಬಿದ ಟೆಂಪೋಗೆ ಮಿತಿ ಇನ್ನೂ ಕಡಿಮೆ. ಅತ್ತ ನವಿ ಮುಂಬೈಯ ವಾಶಿಯಿಂದ ಕಳಂಬೋಲಿ, ಇತ್ತ ಕಿವಳೆಯಿಂದ ಪುಣೆ ಪೇಟೆಯ ಒಳಗೆ, ಅದು ಬೇರೆ. ಹೀಗಿರುವಾಗ "ಒಂದೂವರೆ ಗಂಟೇಲಿ ಮದುವೆ ಹಾಲ್‌ನಲ್ಲಿ ಇರಬೇಕು, ತಡವಾದ್ರೆ ಸಂಬಳ ಕಟ್" ಎಂದು ವಾಟ್ಸಾಪಿನಲ್ಲಿ ಕಳಿಸುತ್ತೇವಲ್ಲ, ಆ ಮೆಸೇಜನ್ನು ಡ್ರೈವರಿನ ವಕೀಲರು ಮ್ಯಾಜಿಸ್ಟ್ರೇಟರ ಮುಂದಿಟ್ಟರೆ ಏನು ಉತ್ತರ ಕೊಡುತ್ತೀರಿ? ಇಂಥ ಕೇಸು ಬಂದು ನಿಲ್ಲುವುದು ಅಪರೂಪ ನಿಜ. ಬರದೇ ಇರುವುದಕ್ಕೆ ಕಾರಣ ಕಾನೂನು ಇಲ್ಲ ಅಂತಲ್ಲ, ಡ್ರೈವರ್ ಬಾಯಿ ಬಿಡುವುದಿಲ್ಲ ಅಂತ. ದಂಡವನ್ನು ಅವನ ಸಂಬಳದಲ್ಲೇ ಮುರಿದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಟೈಮ್ ಕೊಟ್ಟವರು ನಾವು, ದಂಡ ಅವನದ್ದು. ಇದು ಯಾವ ನ್ಯಾಯ?

ಇನ್ನು ಗಾಡಿ ನಿಮ್ಮ ಹೆಸರಲ್ಲಿದ್ದು ಓಡಿಸಿದ್ದು ಬೇರೆಯವರಾದರೆ? ಇ-ಚಲನ್ ಬರುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಅಧಿಕಾರಿ ಕೇಳಿದರೆ ಯಾರು ಓಡಿಸಿದ್ದು, ಲೈಸೆನ್ಸ್ ಯಾವುದು ಎಂದು ತಿಳಿಸುವ ಹೊಣೆ 133ನೇ ಕಲಮಿನ ಪ್ರಕಾರ ಮಾಲೀಕರದ್ದು. ಅದಕ್ಕೇ ಟ್ರಿಪ್ ಬುಕ್ ಇಡಿ ಅನ್ನುವುದು. ಒಂದು ಹಳೇ ನೋಟ್‌ಬುಕ್ ಸಾಕು. ಓಡಿಸಿದ್ದು ಹದಿನೆಂಟು ತುಂಬದ ಮಗನಾದರೆ ಕಥೆಯೇ ಬೇರೆ. 199ಎ ಪ್ರಕಾರ ಅಪ್ಪನಿಗೋ ಗಾಡಿ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು.

ಚಲನ್ ಬಂತು ಅಂದುಕೊಳ್ಳಿ. ಅದು ತೀರ್ಪಲ್ಲ, ಆರೋಪ. ತಪ್ಪು ನಮ್ಮದೇ ಅನಿಸಿದರೆ ಅಲ್ಲೇ ದಂಡ ಕಟ್ಟಿ ಮುಗಿಸಬಹುದು. ಕಟ್ಟದೆ ಬಿಟ್ಟು ಪೊಲೀಸರು ಕೋರ್ಟಿಗೆ ಹಾಕಿದರೆ ಸಮನ್ಸ್ ಬರುತ್ತದೆ. ಸಮನ್ಸ್ ಅಂದಕೂಡಲೇ ಮನೆಯಲ್ಲಿ ಅಳು ಬೇಡ. ಇಂಥ ಸಣ್ಣ ಕೇಸಿನಲ್ಲಿ ನೀವೇ ಬರಬೇಕೆಂದಿಲ್ಲ, ವಕೀಲರನ್ನು ಕಳಿಸಬಹುದು. ತಪ್ಪೊಪ್ಪಿಗೆಯನ್ನು ಪತ್ರದಲ್ಲಿ ಬರೆದು, ಸಮನ್ಸಿನಲ್ಲಿ ಹೇಳಿದ ಹಣ ಕಳಿಸಿ ಮುಗಿಸುವ ದಾರಿಯೂ 208ನೇ ಕಲಮಿನಲ್ಲಿದೆ. ಆದರೆ ತಾರೀಕಿಗೆ ಯಾರೂ ಹೋಗಲಿಲ್ಲ, ಪತ್ರವೂ ಇಲ್ಲ ಅಂದರೆ ವಾರಂಟಿಗೆ ನೀವೇ ಬಾಗಿಲು ತೆಗೆದುಕೊಟ್ಟ ಹಾಗೆ.

ಖುದ್ದಾಗಿ ಹೋದರೆ ಮರಾಠಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: "ಗುನ್ಹಾ ಕಬೂಲ್ ಆಹೇ ಕಾ?" ಅಂದರೆ ಅಪರಾಧ ಒಪ್ಪುತ್ತೀರಾ ಅಂತ. ಗಡಿಬಿಡಿಯಲ್ಲಿ, ಹೋಟೆಲಿಗೆ ಹೊತ್ತಾಯಿತು ಅಂತ, "ಕಬೂಲ್" ಅಂದುಬಿಡುತ್ತಾರೆ. ನಿಜವಾಗಿ ಒಪ್ಪುವುದಾದರೆ ಒಪ್ಪಿ. ಆದರೆ ಅದು ದಾಖಲೆಯಾಗುತ್ತದೆ, ಮುಂದಿನ ಸಲ "ಎರಡನೇ ಅಪರಾಧ" ಎಂದು ಎಣಿಕೆಗೆ ಬರುತ್ತದೆ. ಡ್ರೈವರ್ ಆದವನು ಉತ್ತರ ಕೊಡುವ ಮೊದಲು ಒಂದು ನಿಮಿಷ ಯೋಚಿಸಬೇಕು.

ಒಪ್ಪದಿದ್ದರೆ ಏನು ನೋಡಬೇಕು? "ನನಗೆ ತುಂಬಾ ಜೋರಾಗಿ ಹೋದ ಹಾಗೆ ಕಾಣಿಸಿತು" ಎಂದು ಒಬ್ಬ ಹವಾಲ್ದಾರ್ ಹೇಳಿದ ಮಾತ್ರಕ್ಕೆ ಶಿಕ್ಷೆ ಕೊಡುವಂತಿಲ್ಲ. ಯಂತ್ರದ ಅಳತೆ ಬೇಕು. ಆ ಯಂತ್ರಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಬಂದ 167ಎ ನಿಯಮ ಷರತ್ತು ಹಾಕಿದೆ: ಪ್ರತಿ ವರ್ಷ ನವೀಕರಿಸಿದ ಪ್ರಮಾಣಪತ್ರ, ಕ್ಯಾಮೆರಾ ಇದೆ ಎಂದು ಮೊದಲೇ ತಿಳಿಸುವ ಬೋರ್ಡು. ಚಲನ್‌ನಲ್ಲಿ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೋ, ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲ ಇರಬೇಕು. ಫೋಟೋ ದೊಡ್ಡದು ಮಾಡಿ ನೋಡಿ. ನಿಮ್ಮ ಬಿಳಿ ಟೆಂಪೋ ಬದಲು ಯಾರದ್ದೋ ಕೆಂಪು ಕಾರು ಇದ್ದರೆ ನಕಲಿ ನಂಬರ್ ಪ್ಲೇಟ್ ಇರಬಹುದು, ಕೂಡಲೇ ಪೊಲೀಸ್ ದೂರು ಕೊಡಿ. ದಂಡ ಕಟ್ಟಿ ಸುಮ್ನೆ ಕೂತರೆ ನಾಳೆ ಆ ಕಾರು ಯಾರಿಗಾದರೂ ಗುದ್ದಿದಾಗ ನಿಮ್ಮ ಮನೆಗೇ ಬರುತ್ತಾರೆ.

ಹಳೇ ಚಲನ್ ಬಗ್ಗೆ ಒಂದು ಮಾತು ಎಲ್ಲರೂ ಕೇಳುತ್ತಾರೆ. ಬರೀ ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧವನ್ನು ಕೋರ್ಟು ಕೈಗೆತ್ತಿಕೊಳ್ಳಲು ಆರು ತಿಂಗಳ ಗಡುವು ಇದೆ, ನಿಜ. ಆದರೆ ಪೊಲೀಸರು ಅಷ್ಟರೊಳಗೆ ದೂರು ಹಾಕಿದ್ದರೆ ಆ ವಾದ ನಿಲ್ಲುವುದಿಲ್ಲ. ತಡವನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗಿದೆ. ಲೋಕ ಅದಾಲತ್ತಿಗೆ ಬನ್ನಿ ಎಂದು ಮೆಸೇಜು ಬಂದರೆ ಹೋಗಿ ನೋಡಿ, ಅಲ್ಲಿ ರಾಜಿಗೆ ನಿಮ್ಮ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರಲ್ಲ, ಇಲ್ಲೂ ಬರಲಿ ಎಂದು ಕಾಯುತ್ತಾ ಕೂರಬೇಡಿ.

ವಾಟ್ಸಾಪಿನಲ್ಲಿ ಚಲನ್ ಹೆಸರಿನ ಫೈಲ್ ಬಂದರೆ ಒತ್ತಬೇಡಿ, ಖಾತೆ ಖಾಲಿಯಾಗುತ್ತದೆ. ಕೊನೆಯಲ್ಲಿ ಗವ್ ಡಾಟ್ ಇನ್ ಇರುವ ಸರ್ಕಾರಿ ತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಸಮನ್ಸ್ ಬಂದಿರುವವರು ಊಟಕ್ಕೆ ಮೊದಲೇ ನನ್ನ ಹತ್ತಿರ ಬನ್ನಿ, ತಾರೀಕು ಯಾವತ್ತು ಅಂತ ಮೊದಲು ನೋಡೋಣ. ಗಾಡಿ ಓಡಿಸಿದ್ದು ಡ್ರೈವರ್ ಆಗಿದ್ದರೆ ಅವನನ್ನೂ ಕರೆದುಕೊಂಡು ಬನ್ನಿ. ಅವನು ಇಲ್ಲೇ ಕೆಳಗೆ ಟೆಂಪೋದಲ್ಲಿ ಕೂತಿರಬೇಕು, ಅಲ್ವಾ?