ವಾಪಸ್ ಓಡುವವನು

ಎಲ್ಲರಿಗೂ ನಮಸ್ಕಾರ. ಬೇಸಿಗೆ ಫುಟ್‌ಬಾಲ್ ಶಿಬಿರದ ಕೊನೇ ದಿನ ಭಾಷಣ ಇಡಬೇಡಿ ಅಂತ ನಾನು ಮೊದಲೇ ಹೇಳಿದ್ದೆ. ನೋಡಿ, ಮಕ್ಕಳ ಕಣ್ಣೆಲ್ಲ ಕಿಟಕಿ ಆಚೆಯ ಮೈದಾನದ ಮೇಲೇ ಇದೆ. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಐದು ಪಾಯಿಂಟ್ ಬರೆದುಕೊಂಡು ಬಂದಿದ್ದೇನೆ.

ಬೆಳಿಗ್ಗೆ ಒಬ್ಬರು ತಂದೆ ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ನನ್ನ ಮಗ ಹತ್ತನೇ ನಂಬರ್ ಆಡಬೇಕಿತ್ತು. ನೀವು ನಡುವೆ ಹಾಕಿ ಸುಮ್ನೆ ಓಡಿಸ್ತಾ ಇದ್ದೀರಿ" ಅಂದರು. ಹತ್ತನೇ ನಂಬರ್ ಅಂದರೆ ಮುಂದೆ ಇದ್ದು ಗೋಲಿಗೆ ದಾರಿ ಮಾಡಿಕೊಡುವವನು. ನನಗೆ ಕೋಪ ಬರಲಿಲ್ಲ. ಆದರೆ ಆ 'ಸುಮ್ನೆ' ಬೆಳಿಗ್ಗೆಯಿಂದ ಕಿವಿಯಲ್ಲೇ ಕೂತಿದೆ.

ದೊಡ್ಡ ಮೈದಾನ 105 ಮೀಟರ್ ಉದ್ದ. ಎರಡೂ ಕಡೆ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ 16.5 ಮೀಟರ್ ಕಳೆಯಿರಿ. ಉಳಿಯುವುದು 72. ಬಾಕ್ಸ್-ಟು-ಬಾಕ್ಸ್ ಆಟಗಾರ, ಅಂದರೆ ಈ ಬಾಕ್ಸಿನಿಂದ ಆ ಬಾಕ್ಸಿಗೆ ಓಡಿ ವಾಪಸ್ ಬರುವ ನಡುವಿನ ಆಟಗಾರ, ಅವನ ಸಂಸಾರವೆಲ್ಲ ಆ 72 ಮೀಟರಿನಲ್ಲಿ. ಮದುವೆ ಊಟದಲ್ಲಿ ಅಡುಗೆ ಭಟ್ಟರನ್ನು ಎಲ್ಲರೂ ಹೊಗಳುತ್ತಾರೆ. ಸಾರಿನ ಬಕೆಟ್ ಹಿಡಿದು ಕೊನೇ ಎಲೆವರೆಗೆ ಓಡಿ, ಮತ್ತೆ ಅಡುಗೆಮನೆಗೆ ಓಡುವ ಹುಡುಗನನ್ನು ಯಾರು ನೋಡುತ್ತಾರೆ? ಅವನು ಎರಡು ನಿಮಿಷ ತಡ ಮಾಡಲಿ, ಆಗ ಎಲ್ಲರ ಕತ್ತೂ ಆ ಕಡೆ ತಿರುಗುತ್ತದೆ!

ಮೊದಲ ಪಾಯಿಂಟ್, ಇಸ್ತಾಂಬುಲ್. 2005ರ ಮೇ 25, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಮೊದಲ ನಿಮಿಷದಲ್ಲೇ ಮಿಲಾನ್‌ನ ಮಾಲ್ದೀನಿ ಗೋಲು, ಆಮೇಲೆ ಕ್ರೆಸ್ಪೊ ಎರಡು. ಹಾಫ್‌ಟೈಮ್‌ಗೆ ಮಿಲಾನ್ 3, ಲಿವರ್‌ಪೂಲ್ 0. ನನ್ನ ರೂಮ್‌ಮೇಟ್ ಟಿವಿ ಆರಿಸು ಅಂದ. ನಾನು ಸೌಂಡ್ ಕಮ್ಮಿ ಮಾಡಿದೆ, ಆರಿಸಲಿಲ್ಲ. ಜೀವನದಲ್ಲಿ ನಾನು ಮಾಡಿದ ಎರಡು ಒಳ್ಳೆ ನಿರ್ಧಾರಗಳಲ್ಲಿ ಅದು ಒಂದು. ಇನ್ನೊಂದು ಇಲ್ಲೇ ಮೂರನೇ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಾರೆ.

ಹಾಫ್‌ಟೈಮ್‌ನಲ್ಲಿ ಲಿವರ್‌ಪೂಲ್ ಕೋಚ್ ಬೆನಿಟೆಜ್ ಹಾಮನ್‌ರನ್ನು ಮೈದಾನಕ್ಕೆ ಇಳಿಸಿದರು. ಹಿಂದೆ ಕಾವಲಿಗೆ ಒಬ್ಬರು ಸಿಕ್ಕ ಕೂಡಲೇ ಲಿವರ್‌ಪೂಲ್ ಕ್ಯಾಪ್ಟನ್ ಜೆರಾರ್ಡ್ ಕಾಲಿನ ಹಗ್ಗ ಬಿಚ್ಚಿದ ಹಾಗಾಯಿತು. 54ನೇ ನಿಮಿಷ, ರೀಸೆ ಕ್ರಾಸ್, ಜೆರಾರ್ಡ್ ಹೆಡ್ಡರ್, ಗೋಲು. ಎರಡು ನಿಮಿಷಕ್ಕೆ ಸ್ಮಿತ್ಸೆರ್ ಇನ್ನೊಂದು. ಜೆರಾರ್ಡ್ ಮತ್ತೆ ಬಾಕ್ಸಿಗೆ ನುಗ್ಗಿದರು, ಮಿಲಾನ್‌ನ ಗಟೂಸೊ ಹಿಂದಿನಿಂದ ಬೀಳಿಸಿದರು, ಪೆನಾಲ್ಟಿ. ಬಾಕ್ಸಿನಲ್ಲಿ ಮೊದಲೇ ನಿಂತವನನ್ನು ಡಿಫೆಂಡರ್ ನೋಡಿಕೊಳ್ಳುತ್ತಾನೆ. ಹಿಂದಿನಿಂದ ಓಡಿ ಬಂದವನನ್ನು ಯಾರು ನೋಡಿಕೊಳ್ಳಬೇಕು? ಅಲೊನ್ಸೊ ಹೊಡೆದದ್ದನ್ನು ಮಿಲಾನ್ ಗೋಲ್‌ಕೀಪರ್ ದಿದಾ ತಡೆದರು, ವಾಪಸ್ ಬಂದ ಚೆಂಡನ್ನು ಅಲೊನ್ಸೊನೇ ಒಳಗೆ ಹಾಕಿದರು. 3-3. ರೂಮ್‌ಮೇಟ್ ಎದ್ದು ಕೂತಿದ್ದ.

ಎಲ್ಲರೂ ಕಥೆ ಇಲ್ಲಿಗೆ ನಿಲ್ಲಿಸಿ ಪೆನಾಲ್ಟಿ ಶೂಟೌಟ್‌ಗೆ ಹಾರುತ್ತಾರೆ. ನನ್ನ ಕಥೆ ಇಲ್ಲಿಂದ ಶುರು. ಕೊನೇ ಹೊತ್ತಿಗೆ ಮಿಲಾನ್ ಎಡಗಡೆ ಸೆರ್ಜಿನ್ಯೊ ಬಂದರು. ದಣಿಯದ ಕಾಲು, ಒಳ್ಳೆ ವೇಗ. ಅವರನ್ನು ತಡೆಯೋಕೆ ಹೋದವರು ಯಾರು? ಅದೇ ಜೆರಾರ್ಡ್, ರೈಟ್‌ಬ್ಯಾಕ್ ಜಾಗಕ್ಕೆ, ಅಂದರೆ ಬಲಗಡೆಯ ಡಿಫೆಂಡರ್ ಜಾಗಕ್ಕೆ! ಗೋಲು ಹೊಡೆದ ಕ್ಯಾಪ್ಟನ್, ನೂರು ನಿಮಿಷ ದಾಟಿದ ಮೇಲೆ, ತನ್ನ ಬಾಕ್ಸಿನ ಅಂಚಿನಲ್ಲಿ ಜಾರಿ ಜಾರಿ ಚೆಂಡು ಕಿತ್ತುಕೊಳ್ಳುತ್ತಿದ್ದರು. ಮುಂದಕ್ಕೆ ಓಡುವವನಿಗೆ ಗೋಲಿನ ಆಸೆ ಇರುತ್ತದೆ. ವಾಪಸ್ ಓಡುವಾಗ ಏನಿರುತ್ತದೆ? ನಾನು ಆಟಗಾರನನ್ನು ಅಲ್ಲೇ ಅಳೆಯೋದು.

ಎರಡನೆಯದು, ಮೈಕಟ್ಟು. ಬಲ ಅಂದರೆ ಎತ್ತರ ಅಂದುಕೊಳ್ಳುತ್ತಾರೆ. ಆರ್ಸೆನಲ್‌ನ ವಿಯೆರಾ 1.93 ಮೀಟರ್, ಸರಿ. ಕಾಂಟೆ? 1.68! ಆತ 2016ರಲ್ಲಿ ಲೆಸ್ಟರ್ ಜೊತೆ, 2017ರಲ್ಲಿ ಚೆಲ್ಸಿ ಜೊತೆ ಇಂಗ್ಲೆಂಡಿನ ಲೀಗ್ ಗೆದ್ದರು. 2018ರಲ್ಲಿ ಫ್ರಾನ್ಸ್ ಜೊತೆ ವಿಶ್ವಕಪ್. ಒಂದು ಮ್ಯಾಚಿನಲ್ಲಿ ಹತ್ತು, ಹನ್ನೊಂದು ಕಿಲೋಮೀಟರ್ ಓಡುವವರು ಬೇಕಾದಷ್ಟು ಜನ ಇದ್ದಾರೆ. ಎಂಬತ್ತನೇ ನಿಮಿಷದಲ್ಲಿ ಇನ್ನೊಂದು ಜೋರು ಓಟಕ್ಕೆ ಉಸಿರು ಉಳಿಸಿಕೊಂಡವರು ಕಮ್ಮಿ.

ಹಿಂದೆ ಕೂತಿರುವ ಆ ಹುಡುಗ ಕೈ ಎತ್ತುತ್ತಿದ್ದಾನೆ. ಇಷ್ಟೆಲ್ಲ ಓಡದೇ ಸ್ಪೇನ್ ಗೆದ್ದಿತಲ್ಲ ಅಂತೀಯ, ಅಲ್ವಾ? ಒಪ್ಪಿದೆ. 2008, 2010, 2012, ಮೂರು ಕಪ್, ಪುಟ್ಟ ಪುಟ್ಟ ಪಾಸ್‌ಗಳಲ್ಲೇ. ಚೆಂಡು ಯಾವಾಗಲೂ ಅವರ ಹತ್ತಿರವೇ ಇರುತ್ತಿತ್ತು ಮಾರಾಯ, ವಾಪಸ್ ಓಡುವ ಕೆಲಸವೇ ಜಾಸ್ತಿ ಬೀಳಲಿಲ್ಲ! ನಿಮ್ಮ ಟೀಮಿನಲ್ಲಿ ಶಾವಿ, ಇನಿಯೆಸ್ತಾ ಇದ್ದರೆ ನಾನೂ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಚೀಟಿ ಬಂತು. ಎರಡು ನಿಮಿಷವಂತೆ. ಹಾಗಾದರೆ ಮೂರನೆಯದು, ಯಾಯಾ ತೂರೆ. 2013-14ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಲೀಗ್‌ನಲ್ಲೇ 20 ಗೋಲು ಹೊಡೆದ ಮಿಡ್‌ಫೀಲ್ಡರ್. ಅವರು ಹೊರಟರೆ ಲಾರಿ ಬಂದ ಹಾಗೆ. ವಾಪಸ್ ಓಡೋದರಲ್ಲಿ ಮಾತ್ರ ಸ್ವಲ್ಪ ಸೋಮಾರಿ, ಹಿಂದೆ ಕಾವಲಿಗೆ ಫರ್ನಾಂಡಿನ್ಯೊ ಇದ್ದರು, ನಡೆಯಿತು. ನನ್ನ ಲೆಕ್ಕದಲ್ಲಿ ಅದಕ್ಕೆ ಅರ್ಧ ಮಾರ್ಕ್ ಕಟ್. ನಾಲ್ಕನೆಯದು ಮಂಡಿ, ತೊಡೆಯ ಪೆಟ್ಟು. ಅದನ್ನು ಊಟದ ಹೊತ್ತಿಗೆ ಕೇಳಿ. ಐದನೆಯದು ನನ್ನ ಕೈಬರಹದಲ್ಲಿದೆ, ನನಗೇ ಓದೋಕೆ ಆಗುತ್ತಿಲ್ಲ.

ಸಾರ್, ಬೆಳಿಗ್ಗೆ ಮಾತಾಡಿದವರು, ನಿಮ್ಮ ಮಗನ ವಿಷಯ. ನಿನ್ನೆ ಅವನು ಆ ಕಡೆ ಗೋಲಿನ ಹತ್ತಿರ ಚೆಂಡು ಕಳೆದುಕೊಂಡ. ನೀವು ತಲೆ ಚಚ್ಚಿಕೊಂಡಿರಿ, ನಾನು ನೋಡಿದೆ. ಅದೇ ಚೆಂಡನ್ನು ಈ ಕಡೆ ಬಾಕ್ಸಿನಲ್ಲಿ ಕಿತ್ತುಕೊಂಡವನೂ ಅವನೇ. ಆಗ ನೀವು ಮೊಬೈಲ್ ನೋಡುತ್ತಿದ್ದಿರಿ. ಇವತ್ತು ಗೋಲಿನ ಹಿಂದೆ ಕೂರಬೇಡಿ, ಮಧ್ಯದ ಗೆರೆ ಹತ್ತಿರ ಬನ್ನಿ, ನನ್ನ ಪಕ್ಕ ಕುರ್ಚಿ ಖಾಲಿ ಇದೆ. ಮಕ್ಕಳೇ, ಏಳಿ. ನೀರಿನ ಕ್ಯಾನ್ ಯಾರು ತರುತ್ತೀರಿ?