ಗುಂಯ್‌ಗುಡುವ ಸದ್ದು ನಿಂತಾಗ: ವಿದ್ಯಾರ್ಥಿಯ ಹಾರರ್ ಚಿತ್ರದ ಮೊದಲ ಎರಡು ನಿಮಿಷ

ವೇದಿಕೆಯ ಮೇಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿ ಗೆಳೆಯರೇ,

ಬೆಳಿಗ್ಗೆಯಿಂದ ನಾವೆಲ್ಲ ಒಟ್ಟಿಗೆ ಕುಳಿತು ನಿಮ್ಮ ತರಗತಿಯವರು ಮಾಡಿದ ಹಾರರ್ ಚಿತ್ರಗಳ ಆರಂಭದ ದೃಶ್ಯಗಳನ್ನು ನೋಡಿದ್ದೇವೆ. ಒಂದೊಂದೂ ಎರಡು ನಿಮಿಷದ ತುಣುಕು. ಆ ಎರಡು ನಿಮಿಷದ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿರುತ್ತದೆ ಎಂಬುದು ನನಗೆ ಗೊತ್ತು. ವಿದ್ಯಾರ್ಥಿಯಾಗಿದ್ದಾಗ ನಾನೂ ಗೆಳೆಯರ ಜೊತೆ ಸೇರಿ ಇಂಥದ್ದೇ ಒಂದು ತುಣುಕನ್ನು ಮಾಡಿದವನು. ಆಮೇಲೆ ಸಂಕಲನದ ಮೇಜಿನ ಮುಂದೆಯೇ ಬದುಕು ಕಟ್ಟಿಕೊಂಡವನು. ನಿಮ್ಮ ಕೆಲಸದಲ್ಲಿ ನನಗೆ ಇಷ್ಟವಾದದ್ದನ್ನು ವಿರಾಮದ ಹೊತ್ತಿನಲ್ಲಿ ನಿಮಗೇ ಹೇಳಿದ್ದೇನೆ. ಈಗ ಹೇಳಬೇಕಾಗಿರುವುದು ಬೆಳಿಗ್ಗೆಯಿಂದ ನನ್ನನ್ನು ಕೊರೆಯುತ್ತಿರುವ ಒಂದು ವಿಷಯ. ಕ್ಯಾಮೆರಾಕ್ಕೆ, ಲೆನ್ಸಿಗೆ, ಮುಖಕ್ಕೆ ಬಳಿಯುವ ಬಣ್ಣಕ್ಕೆ ಸಿಕ್ಕ ಗಮನದ ಕಾಲು ಭಾಗವೂ ಸದ್ದಿಗೆ ಸಿಕ್ಕಿಲ್ಲ. ಹಣವಿಲ್ಲದವರು ಭಯ ಹುಟ್ಟಿಸಬೇಕಾದರೆ ಮೊದಲು ಹಿಡಿಯಬೇಕಾದದ್ದೇ ಸದ್ದನ್ನು ಎಂಬುದು ನನ್ನ ದೃಢವಾದ ನಂಬಿಕೆ. ಇಂದು ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಅದಕ್ಕೆ ಮೊದಲು, ಆರಂಭದ ದೃಶ್ಯ ಎಂದರೇನು ಎಂಬ ಬಗ್ಗೆ ಒಂದು ಮಾತು. ಅದು ಕಿರುಚಿತ್ರವಲ್ಲ, ಟ್ರೇಲರ್ ಕೂಡ ಅಲ್ಲ. ಕಿರುಚಿತ್ರಕ್ಕೆ ತನ್ನದೇ ಕೊನೆ ಇರುತ್ತದೆ. ಟ್ರೇಲರ್ ಇಡೀ ಚಿತ್ರದ ಒಳ್ಳೆಯ ತುಣುಕುಗಳನ್ನೆಲ್ಲ ಒಂದೇ ಸಲ ಎದುರಿಗಿಡುತ್ತದೆ. ಆರಂಭದ ದೃಶ್ಯ ಮಾಡಬೇಕಾದ ಕೆಲಸವೇ ಬೇರೆ. ಮುಂದಿನ ಒಂದೂವರೆ ಗಂಟೆ ಕುರ್ಚಿ ಬಿಟ್ಟು ಏಳದಂತೆ ಮಾಡುವ ಒಂದು ಪ್ರಶ್ನೆಯನ್ನು ಅದು ನೋಡುಗನ ಮನಸ್ಸಿನಲ್ಲಿ ಬಿತ್ತಬೇಕು. ಎರಡು ನಿಮಿಷದೊಳಗೆ ದೆವ್ವ ಬಂದು, ಕೊಂದು, ರಕ್ತ ಹರಿದು, ಪರದೆ ಕಪ್ಪಾದರೆ ಪ್ರಶ್ನೆ ಉಳಿಯುವುದೇ ಇಲ್ಲ. 1978ರಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ 'ಹ್ಯಾಲೋವೀನ್' ಚಿತ್ರದ ಆರಂಭವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಕೊಲೆ ನಡೆಯುವುದೇನೋ ನಿಜ, ಆದರೆ ಅದನ್ನು ನಾವು ಕೊಲ್ಲುವವನ ಕಣ್ಣಿನಿಂದಲೇ, ಕಡಿತವೇ ಇಲ್ಲವೆಂಬಂತೆ ಹರಿಯುವ ಒಂದು ಉದ್ದನೆಯ ಶಾಟ್‌ನಲ್ಲಿ ನೋಡುತ್ತೇವೆ. ಕೊನೆಗೆ ಮುಖವಾಡ ಕಳಚಿದಾಗ ಅಲ್ಲಿ ನಿಂತಿರುವುದು ಆರು ವರ್ಷದ ಒಬ್ಬ ಹುಡುಗ. ಯಾರು ಕೊಂದರು ಎಂಬುದಕ್ಕೆ ಉತ್ತರ ಸಿಕ್ಕ ಕ್ಷಣದಲ್ಲೇ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಎದ್ದು ನಿಲ್ಲುತ್ತದೆ.

ಆ ಚಿತ್ರಕ್ಕೆ ಆದ ವೆಚ್ಚ ಸುಮಾರು 3 ಲಕ್ಷ ಡಾಲರ್. ಸಿನಿಮಾ ಉದ್ಯಮದ ಲೆಕ್ಕದಲ್ಲಿ ಅದು ಅಲ್ಪ ಮೊತ್ತ. ಆದರೆ 'ಕಡಿಮೆ ಹಣದಲ್ಲಿ ಅವರೇ ಮಾಡಿದರು, ನಾವೂ ಮಾಡುತ್ತೇವೆ' ಎಂದು ಯಾರಾದರೂ ಹುರಿದುಂಬಿಸಿದರೆ ನನಗೆ ಸಮಾಧಾನವಾಗುವುದಿಲ್ಲ. ವಿದ್ಯಾರ್ಥಿಯ ಕೈಗೆ ಆ 'ಕಡಿಮೆ ಹಣ' ಕೂಡ ಎಟುಕುವುದಿಲ್ಲ. ಅಂಥವರಿಂದ ನಾವು ಕಲಿಯಬೇಕಾದದ್ದು ಹಣವಿಲ್ಲದಾಗ ಅವರು ತೆಗೆದುಕೊಂಡ ತೀರ್ಮಾನಗಳನ್ನು. 'ದಿ ಈವಿಲ್ ಡೆಡ್' ಎಂಬ ಹಾರರ್ ಚಿತ್ರ ಮಾಡುವಾಗ ನಿರ್ದೇಶಕ ಸ್ಯಾಮ್ ರೈಮಿ ಮತ್ತು ಗೆಳೆಯರ ಬಳಿ ಕ್ಯಾಮೆರಾವನ್ನು ಅಲುಗಾಡದಂತೆ ಒಯ್ಯುವ ದುಬಾರಿ ಸಲಕರಣೆ ಇರಲಿಲ್ಲ. ಮರದ ಹಲಗೆಯೊಂದರ ನಡುವೆ ಕ್ಯಾಮೆರಾವನ್ನು ಬಿಗಿದು, ಆಚೆ ತುದಿಗೊಬ್ಬ ಈಚೆ ತುದಿಗೊಬ್ಬ ಹಿಡಿದು ಕಾಡಿನಲ್ಲಿ ಓಡಿದರು. ಕಣ್ಣಿಗೆ ಕಾಣದ ಏನೋ ಒಂದು ನೆಲಕ್ಕೆ ತಾಗಿದಂತೆ ನುಗ್ಗಿ ಬರುತ್ತಿದೆ ಎಂಬ ಅನುಭವ ಆ ಹಲಗೆಯಿಂದ ಹುಟ್ಟಿತು. ಭೂತಕ್ಕೆ ರೂಪ ಕೊಡುವ ಖರ್ಚೂ ಉಳಿಯಿತು, ಭಯವೂ ಹೆಚ್ಚಿತು. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಮಾಟಗಾತಿ ಕೊನೆಯವರೆಗೂ ಕಾಣಿಸಿಕೊಳ್ಳುವುದಿಲ್ಲ. ಡೇರೆಯ ಹೊರಗೆ, ಕತ್ತಲಲ್ಲಿ, ಸದ್ದು ಮಾತ್ರ ಕೇಳುತ್ತದೆ. ನೋಡಿ, ನಾನು ಸದ್ದಿನ ಹತ್ತಿರಕ್ಕೇ ಬಂದು ಬಿಟ್ಟೆ.

ಈಗ ವಿದ್ಯಾರ್ಥಿಗಳಾಗಿದ್ದಾಗ ನಾವು ಮಾಡಿದ ತುಣುಕಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಥೆ ಸರಳ. ಹುಡುಗಿಯೊಬ್ಬಳು ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಲಗುವ ಮುನ್ನ ಒಂದೊಂದೇ ದೀಪ ಆರಿಸುತ್ತ ಮೆಟ್ಟಿಲಿನ ಕಡೆಗೆ ಬರುತ್ತಾಳೆ. ಮೆಟ್ಟಿಲ ಮೇಲೆ ಯಾರೋ ಇದ್ದಾರೆ. ಆ 'ಯಾರೋ' ಎಂಬುದಕ್ಕಾಗಿ ಗೆಳತಿಯೊಬ್ಬಳು ಕಾಗದದ ತಿರುಳಿನಿಂದ ಮುಖವಾಡ ಮಾಡಿದ್ದಳು. ಸೊಗಸಾದ ಕೆಲಸ ಅದು. ಚಿತ್ರೀಕರಣಕ್ಕೆ ನಮ್ಮಲ್ಲೇ ಒಬ್ಬನ ಮನೆ ಸಿಕ್ಕಿತು. ಸದ್ದಿನ ಹೊಣೆ ಹೊತ್ತ ಗೆಳೆಯ ಬಹಳ ಶಿಸ್ತಿನವನು. ಬೂಮ್, ಅಂದರೆ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಮೈಕು, ಹಿಡಿಯುವ ಮೊದಲೇ ಮನೆಯನ್ನೆಲ್ಲ ಸುತ್ತಿ, ಫ್ಯಾನ್ ನಿಲ್ಲಿಸಿ, ಗೋಡೆ ಗಡಿಯಾರ ಕೆಳಗಿಳಿಸಿ, ಅಡುಗೆಮನೆಯ ಫ್ರಿಜ್ಜನ್ನೂ ಆರಿಸಿದ. ಆಮೇಲೆ ತನ್ನ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟ. ನಮಗೆಲ್ಲ ಅಚ್ಚರಿ. ಸದ್ದು ಮುದ್ರಿಸುವ ವೃತ್ತಿಯಲ್ಲಿರುವವರ ಹಳೆಯ ಪದ್ಧತಿ ಅದು ಎಂದು ಅವನೇ ವಿವರಿಸಿದ: ಮನೆಗೆ ಹೊರಡಬೇಕಾದರೆ ಕೀಲಿ ಬೇಕೇ ಬೇಕು, ಕೀಲಿಗಾಗಿ ಫ್ರಿಜ್ ತೆಗೆದಾಗ ಒಳಗಿನ ದೀಪ ಹತ್ತದಿದ್ದರೆ ಅದನ್ನು ಮತ್ತೆ ಚಾಲೂ ಮಾಡುವುದು ತಾನಾಗಿ ನೆನಪಾಗುತ್ತದೆ, ಮನೆಯವರ ಹಾಲು ಕೆಡುವುದಿಲ್ಲ. ಈ ಸಭಾಂಗಣದಲ್ಲಿ ಸದ್ದಿನ ವಿಭಾಗದವರು ಯಾರಿದ್ದೀರೋ ಅವರೆಲ್ಲ ನಗುತ್ತಿದ್ದೀರಿ. ನಿಮ್ಮ ಕೀಲಿಗಳೂ ಹೀಗೆಯೇ ತಣ್ಣಗಾಗಿರಬೇಕು.

ಚಿತ್ರೀಕರಣ ಮುಗಿಯುವ ಹೊತ್ತಿಗೆ ನಡುರಾತ್ರಿ ಕಳೆದಿತ್ತು. ಎಲ್ಲರಿಗೂ ಹೊರಡುವ ಆತುರ. ಅವನು ಮಾತ್ರ ಬಿಡಲಿಲ್ಲ. ಇನ್ನೊಂದು ನಿಮಿಷ ಯಾರೂ ಮಾತಾಡಬಾರದು, ಅಲುಗಾಡಬಾರದು, ರೂಮ್ ಟೋನ್ ಬೇಕು ಎಂದ. ಬರಿದಾದ ಕೋಣೆಗೂ ತನ್ನದೇ ಒಂದು ಸದ್ದಿರುತ್ತದೆ, ಸಂಕಲನದಲ್ಲಿ ಮಾತಿನ ನಡುವಿನ ತೆರವುಗಳನ್ನು ಅದರಿಂದಲೇ ತುಂಬಬೇಕಾಗುತ್ತದೆ ಎಂದು ನಿಮಗೆ ತಿಳಿಸಿ ಹೇಳಬೇಕಾಗಿಲ್ಲ. ನಾವೆಲ್ಲ ಇದ್ದಲ್ಲೇ ನಿಂತೆವು. ನಿಮಿಷ ಮುಗಿಯಿತು. ರೆಕಾರ್ಡರ್ ಇನ್ನೂ ಓಡುತ್ತಿದ್ದಾಗಲೇ ಅವನು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಸ್ವಿಚ್ ಒತ್ತಿದ. ಕಂಪ್ರೆಸರ್ ಒಮ್ಮೆ ನಡುಗಿತು, ಬಾಗಿಲಿನ ಅರೆಯಲ್ಲಿದ್ದ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು, ಆಮೇಲೆ ಗುಂಯ್ ಎಂಬ ತಗ್ಗಿದ ಸದ್ದು ಇಡೀ ಮನೆಯನ್ನು ತುಂಬಿತು. ಮೆಟ್ಟಿಲ ಮೇಲೆ ಕುಳಿತಿದ್ದ ನಮ್ಮ ನಟಿ, ಸಂಜೆಯಿಂದ ಆ ಮುಖವಾಡವನ್ನು ಎದುರಿಗೇ ನೋಡಿಯೂ ಕದಲದಿದ್ದವಳು, ಥಟ್ಟನೆ ಎದ್ದು ನಿಂತಳು. ಹಿಂದೆ ಯಾರೋ ಇದ್ದಾರೆ ಅನ್ನಿಸಿತು ಎಂದಳು.

ಗೆಳೆಯ ಏನೂ ಮಾತಾಡಲಿಲ್ಲ. ಮೈಕನ್ನು ಫ್ರಿಜ್ಜಿನ ಹಿಂಬದಿಗೆ ಒಯ್ದು, ಅದು ಓಡುವುದನ್ನು, ತನ್ನಷ್ಟಕ್ಕೆ ನಿಲ್ಲುವುದನ್ನು, ನಿಲ್ಲುವಾಗಿನ ಆ ನಡುಕವನ್ನು, ಬಾಟಲಿಗಳ ಕಿಣಿಯನ್ನು ಬೇರೆ ಬೇರೆ ದೂರದಿಂದ ಮುದ್ರಿಸಿಕೊಂಡ. ಹೊರಡುವಾಗ ಬೆಳಕು ಹರಿದಿತ್ತು.

ಸಂಕಲನಕ್ಕೆ ಕುಳಿತಾಗ ನಾವು ಎರಡು ನಿಮಿಷದ ಆ ತುಣುಕನ್ನು ಈ ಸದ್ದಿನ ಮೇಲೆಯೇ ಕಟ್ಟಿದೆವು. ಹೆಸರುಗಳು ಬರುವ ಮೊದಲ ಫ್ರೇಮಿನಿಂದಲೇ ಗುಂಯ್ ಎಂಬ ಸದ್ದು ಇದೆ, ಹಿನ್ನೆಲೆ ಸಂಗೀತವಿಲ್ಲ. ನಮ್ಮ ಕಿವಿ ಬದಲಾಗದ ಸದ್ದನ್ನು ಬಹು ಬೇಗ ಬದಿಗೆ ಸರಿಸುತ್ತದೆ, ಆದ್ದರಿಂದ ಅರ್ಧ ನಿಮಿಷದೊಳಗೆ ಅದು ಇದೆಯೆಂಬುದೇ ನೋಡುಗರಿಗೆ ಮರೆತು ಹೋಗುತ್ತದೆ. ಹುಡುಗಿ ದೀಪಗಳನ್ನು ಆರಿಸುತ್ತ ಬರುತ್ತಾಳೆ. ಕೊನೆಯ ದೀಪದ ಸ್ವಿಚ್ಚಿನ ಮೇಲೆ ಅವಳ ಕೈ ಇದೆ, ಇನ್ನೂ ಒತ್ತಿಲ್ಲ. ಆಗ ಬಾಟಲಿಗಳು ಕಿಣಿಗುಟ್ಟುತ್ತವೆ, ಗುಂಯ್ ನಿಲ್ಲುತ್ತದೆ. ಅವಳು ಏನನ್ನೂ ನೋಡುವುದಿಲ್ಲ, ತಲೆಯನ್ನು ಒಂದಿಷ್ಟು ಓರೆ ಮಾಡುತ್ತಾಳೆ ಅಷ್ಟೇ. ಆ ಮೌನದಲ್ಲಿ ಮೇಲಿನ ಮೆಟ್ಟಿಲೊಂದು ಕಿರ್ ಎನ್ನುತ್ತದೆ. ಪರದೆ ಕಪ್ಪಾಗುತ್ತದೆ, ಚಿತ್ರದ ಹೆಸರು ಬರುತ್ತದೆ. ಮುಖವಾಡದ ಶಾಟ್‌ಗಳನ್ನು ಇಡೀ ಗುಂಪು ಒಪ್ಪಿ ಕೈಬಿಟ್ಟಿತು. ಅದನ್ನು ಮಾಡಿದ ಗೆಳತಿಯೇ ಮೊದಲು ಒಪ್ಪಿದಳು. ತರಗತಿಯಲ್ಲಿ ತುಣುಕನ್ನು ತೋರಿಸಿದಾಗ ಗುಂಯ್ ನಿಂತ ಆ ಘಳಿಗೆಯಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಕುರ್ಚಿಗಳ ಸಪ್ಪಳ ನಿಂತದ್ದು ನನಗೆ ಕೇಳಿಸಿತು. ನಮ್ಮ ಖರ್ಚಿನ ಪಟ್ಟಿಯಲ್ಲಿ ಆ ಸದ್ದಿಗೆಂದು ಒಂದು ಕಾಸೂ ಇರಲಿಲ್ಲ.

ಇದು ನಮಗೆ ಹೊಸದಾಗಿತ್ತೇ ಹೊರತು ಜಗತ್ತಿಗೆ ಹೊಸದೇನೂ ಅಲ್ಲ. 1942ರ 'ಕ್ಯಾಟ್ ಪೀಪಲ್' ಚಿತ್ರವನ್ನು ನೀವು ಹುಡುಕಿ ನೋಡಲೇಬೇಕು. ನಿರ್ಮಾಪಕ ವಾಲ್ ಲ್ಯೂಟನ್‌ಗೆ ಸ್ಟುಡಿಯೋ ಹಾಕಿದ ಮಿತಿ ಚಿತ್ರವೊಂದಕ್ಕೆ ಒಂದೂವರೆ ಲಕ್ಷ ಡಾಲರ್. ನಿರ್ದೇಶಕ ಜಾಕ್ ಟೂರ್ನರ್. ರಾತ್ರಿ ಹೆಣ್ಣೊಬ್ಬಳು ಉದ್ಯಾನದ ಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆಯುತ್ತಾಳೆ. ಹಿಂದೆ ಇನ್ನೊಂದು ಜೋಡಿ ಹೆಜ್ಜೆಯ ಟಕಟಕ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಹೆಜ್ಜೆಯ ಸದ್ದು ನಿಂತು ಹೋಗುತ್ತದೆ, ಅವಳ ಹೆಜ್ಜೆ ಮಾತ್ರ ಉಳಿಯುತ್ತದೆ. ಹೆದರಿಕೆ ಶುರುವಾಗುವುದು ಅಲ್ಲಿಂದ. ಆಮೇಲೆ ಬುಸ್ಸೆಂದು ಚೌಕಟ್ಟಿನೊಳಕ್ಕೆ ನುಗ್ಗುವ ಬಸ್ಸಿಗೆ ನೋಡುಗರು ಬೆಚ್ಚುತ್ತಾರೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ ಬಸ್ಸನ್ನೇ. ಆದರೆ ಬಸ್ಸಿಗೆ ಬೆಚ್ಚುವಂತೆ ನಮ್ಮನ್ನು ಸಿದ್ಧಗೊಳಿಸಿದ್ದು ನಿಂತು ಹೋದ ಆ ಹೆಜ್ಜೆ. ಇಂದು ಬೆಳಿಗ್ಗೆ ನೋಡಿದ ತುಣುಕುಗಳಲ್ಲಿ ಬಸ್ಸುಗಳು ಬಹಳ ಇದ್ದವು, ನಿಂತು ಹೋಗುವ ಹೆಜ್ಜೆ ಇರಲಿಲ್ಲ. ಥಟ್ಟನೆ ಬಡಿಯುವ ಸದ್ದನ್ನು ಎಲ್ಲಿಂದ ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ ಮುಂಚಿನ ಅರ್ಧ ನಿಮಿಷವನ್ನು ಮಾತ್ರ ನೀವೇ ಕಟ್ಟಬೇಕು.

ಕಾರ್ಪೆಂಟರ್ ಅವರೇ ಹೇಳಿಕೊಂಡಿರುವ ಒಂದು ಸಂಗತಿ ಇದೆ. 'ಹ್ಯಾಲೋವೀನ್' ಚಿತ್ರವನ್ನು ಸಂಗೀತವಾಗಲಿ ಸದ್ದಿನ ಪರಿಣಾಮಗಳಾಗಲಿ ಸೇರುವ ಮೊದಲು ದೊಡ್ಡ ಸ್ಟುಡಿಯೋ ಒಂದರ ಯುವ ಅಧಿಕಾರಿಣಿಗೆ ತೋರಿಸಿದಾಗ ಆಕೆಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲವಂತೆ. ಆಗ ಅವರು ಸಂಗೀತದಿಂದಲೇ ಚಿತ್ರವನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸಿ, ಐದು ಎಣಿಕೆಯ ತಾಳದಲ್ಲಿ, ಕೆಲವೇ ಸ್ವರಗಳ ಆ ಪಿಯಾನೋ ಸಾಲನ್ನು ತಾವೇ ರಚಿಸಿದರು. ಮೊದಲು ಹೇಳಿದ ಆ ಉದ್ದನೆಯ ಶಾಟ್, ಮುಖವಾಡ, ಬೆಳಕು, ಎಲ್ಲವೂ ಆಕೆಯ ಮುಂದೆ ಇದ್ದವು, ಸದ್ದು ಇರಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಬೇಕಾಗಿಲ್ಲ.

ಆದ್ದರಿಂದ ಶಾಟ್‌ಗಳನ್ನು ಒಂದೊಂದಾಗಿ ಚಿತ್ರ ಬಿಡಿಸಿ ತೋರಿಸುವ ಸ್ಟೋರಿಬೋರ್ಡ್ ಬರೆಯುವ ಮೊದಲು ಸದ್ದಿನ ಪಟ್ಟಿ ಬರೆಯಿರಿ. ಪ್ರತಿ ಶಾಟ್‌ನಲ್ಲಿ ಏನು ಕೇಳುತ್ತಿದೆ, ಯಾವುದು ಶುರುವಾಗುತ್ತದೆ, ಯಾವುದು ನಿಲ್ಲುತ್ತದೆ ಎಂದು. ಸಂಕಲನ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಇಡೀ ತುಣುಕನ್ನು ಕೇಳಿ. ಎಲ್ಲಿ ಬೇಸರವಾಗುತ್ತದೋ ಅಲ್ಲಿ ಕೆಲಸ ಬಾಕಿ ಇದೆ. ಇನ್ನೊಂದು ಎಚ್ಚರಿಕೆ: ತಗ್ಗಿದ ಸದ್ದುಗಳು ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ನಮ್ಮ ಗುಂಯ್ ಸದ್ದು ಸಭಾಂಗಣದಲ್ಲಿ ಎದೆಗೆ ತಾಗಿದರೂ ಸಣ್ಣ ಸ್ಪೀಕರಿನಲ್ಲಿ ಮಾಯವಾಗುತ್ತಿತ್ತು. ಅಲ್ಲಿ ದೃಶ್ಯವನ್ನು ಹಿಡಿದು ನಿಲ್ಲಿಸಿದ್ದು ಬಾಟಲಿಗಳ ಆ ತೆಳುವಾದ ಕಿಣಿ. ತಗ್ಗಿದ ಸದ್ದಿನ ಜೊತೆಗೆ ಅದಕ್ಕೆ ಅಂಟಿಕೊಂಡ ಒಂದು ಏರುಸ್ವರದ ಸದ್ದನ್ನೂ ಮುದ್ರಿಸಿಕೊಳ್ಳಿ.

ಬೆಳಕಿನ ಬಗ್ಗೆ ಹೇಳಲು ಬಹಳ ಇತ್ತು. ಅಧ್ಯಕ್ಷರು ಗಡಿಯಾರದ ಕಡೆ ನೋಡುತ್ತಿದ್ದಾರೆ, ಆದ್ದರಿಂದ ಬೇಗ ಹೇಳಿ ಬಿಡುತ್ತೇನೆ. ಕತ್ತಲನ್ನು ತೋರಿಸಲು ಬೆಳಕು ಬೇಕು. ದೀಪವನ್ನೆಲ್ಲ ಆರಿಸಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದರೆ ಸಿಗುವುದು ಕತ್ತಲಲ್ಲ, ಕಾಳುಕಾಳಾಗಿ ಕುದಿಯುವ ಬೂದು ಬಣ್ಣ. ಚೌಕಟ್ಟಿನೊಳಗೇ ಕಾಣುವ ಒಂದು ದೀಪವಿರಲಿ, ಅದರ ಬದಿಯಿಂದ ಮುಖದ ಅರ್ಧಕ್ಕೆ ಬೆಳಕು ಬೀಳಲಿ, ಉಳಿದದ್ದನ್ನು ಕಪ್ಪು ಬಟ್ಟೆಯಿಂದ ತಡೆಯಿರಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ಚಿತ್ರಿಸುವಾಗ ಷಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚಲನೆ ಸಹಜವಾಗಿ ಕಾಣುತ್ತದೆ. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡಬೇಡಿ. ಶಾಟ್‌ನ ನಡುವೆಯೇ ಬಣ್ಣ ಬದಲಾದರೆ ನೋಡುಗ ಕಥೆಯಿಂದ ಹೊರಬೀಳುತ್ತಾನೆ.

ಅಭಿನಯ, ಶೀರ್ಷಿಕೆಯ ಅಕ್ಷರಗಳು, ವೇಷಭೂಷಣ, ಇವುಗಳ ಟಿಪ್ಪಣಿಗಳು ನನ್ನ ಕೈಯಲ್ಲೇ ಉಳಿಯುತ್ತವೆ. ಅಭಿನಯದ ಬಗ್ಗೆ ಒಂದೇ ಸಾಲು: ಹೆದರಿದ ಮುಖಕ್ಕಿಂತ ಆಲಿಸುತ್ತಿರುವ ಮುಖವನ್ನು ಚಿತ್ರಿಸಿ. ಪಾತ್ರ ಕಿವಿಗೊಟ್ಟರೆ ಸಭೆಯೂ ಕಿವಿಗೊಡುತ್ತದೆ. ಮತ್ತೆ ಸದ್ದಿಗೇ ಬಂದೆ.

ಸಮಯ ಮುಗಿದರೂ ಹೇಳದೆ ಇಳಿಯಲಾರದ ಮಾತೊಂದಿದೆ. ಮುಂದಿನ ತಂಡಗಳು ಈ ವಾರವೇ ಚಿತ್ರೀಕರಣಕ್ಕೆ ಹೊರಡುತ್ತವೆ ಎಂದು ಕೇಳಿದೆ. ಆಟಿಕೆಯ ಚಾಕುವಾದರೂ, ಬಣ್ಣದ ನೀರಾದರೂ, ದೂರದಿಂದ ನೋಡುವವರಿಗೆ ಅದು ನಿಜವಾದ ಚಾಕು, ನಿಜವಾದ ರಕ್ತ. ಕಿರುಚಾಟದ ದೃಶ್ಯವಿದ್ದರೆ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಬೀದಿಯಲ್ಲಾದರೆ ಅನುಮತಿ ಪಡೆದು ಹೋಗಿ. ಕತ್ತಲಲ್ಲಿ ಎಳೆದ ವೈರುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ. ರಾತ್ರಿಯಿಡೀ ಎಚ್ಚರವಿದ್ದವರು ತಾವೇ ವಾಹನ ಓಡಿಸಿಕೊಂಡು ಮನೆಗೆ ಹೋಗಬೇಡಿ. ನಿದ್ದೆ ಮಾಡಿದ ಒಬ್ಬರನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ಸ್ಕ್ರಿಪ್ಟ್ ತೋರಿಸಬೇಕೆನ್ನುವವರಿಗಾಗಿ ಸಂಜೆಯವರೆಗೆ ನಾನು ಇಲ್ಲೇ ಇರುತ್ತೇನೆ. ಬರುವಾಗ ಸದ್ದಿನ ಪಟ್ಟಿಯನ್ನೂ ಜೊತೆಗೆ ತನ್ನಿ. ಅದನ್ನೇ ಮೊದಲು ಓದೋಣ. ನಮಸ್ಕಾರ.